‘ಕಾಲ್ ರೂಟಿಂಗ್’ಗೆ ಕನ್ನಡದಲ್ಲಿ ಏನನ್ನೋಣ? ‘ಹಾಯಿಸು’ ಆದೀತೇ?

ಗೆಳೆಯರೇ, ನಮಸ್ಕಾರ.

ಒಂದು ಪದ ಬೇಕಾಗಿದೆ. ತುಮಕೂರಿನ ಒಂದು ಆಫೀಸಿನಲ್ಲಿ ಫೋನು, ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಹೊರಗಿನಿಂದ ಬರುವ ಕಾಲ್ ನಿಂತುಹೋದರೆ ಏನೇನು ನೋಡಬೇಕು ಅಂತ ರಿಸೆಪ್ಷನ್‌ನವರಿಗೆ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಲು ಕೂತಿದ್ದೇನೆ. ಮೊದಲ ಸಾಲಿನಲ್ಲೇ ತಡೆಯಿತು. ಕಾಲ್ ‘ರೂಟ್’ ಆಗುವುದು, ‘ಫಾರ್ವರ್ಡ್’ ಆಗುವುದು, ‘ಟ್ರಾನ್ಸ್‌ಫರ್’ ಆಗುವುದು ಮೂರು ಬೇರೆ ಬೇರೆ ಕೆಲಸ. ಮೂರಕ್ಕೂ ಬರೆಯಲು ಹೊರಟರೆ ಕೈಗೆ ಬರುವುದು ‘ಕರೆ ವರ್ಗಾವಣೆ’ ಒಂದೇ.

ಇದು ಸುಮ್ನೆ ಪದದ ಮೇಲಿನ ಆಸೆಗೆ ಕೇಳುತ್ತಿರುವುದಲ್ಲ. ಹೋದ ತಿಂಗಳು ಈ ಗೊಂದಲದಿಂದಲೇ ಅರ್ಧ ದಿನ ಹೋಯಿತು. ಬೆಳಗ್ಗೆ ರಿಸೆಪ್ಷನ್‌ನ ಮೇಡಂ, "ಸರ್, ಕಾಲ್ ಟ್ರಾನ್ಸ್‌ಫರ್ ಆಗ್ತಿಲ್ಲ" ಅಂದರು. ನಾನು ಅವರ ಫೋನಿನ ಟ್ರಾನ್ಸ್‌ಫರ್ ಬಟನ್ ಒತ್ತಿ ನೋಡಿದೆ. ಎಕ್ಸ್‌ಟೆನ್ಷನ್ ನೋಡಿದೆ. ಕೊನೆಗೆ ಫೋನನ್ನೇ ಬದಲಿಸಿದೆ. ಎಲ್ಲ ಸರಿಯಾಗಿತ್ತು. ಒಳಗೊಳಗೆ ಕಾಲ್ ಹೋಗುತ್ತಿತ್ತು, ಹೊರಗೂ ಹೋಗುತ್ತಿತ್ತು. ಮಧ್ಯಾಹ್ನ ನನ್ನ ಮೊಬೈಲಿನಿಂದ ಆಫೀಸ್ ನಂಬರಿಗೆ ಮಾಡಿದಾಗಲೇ ತಿಳಿದದ್ದು. ರಿಂಗೇ ಆಗಲಿಲ್ಲ. ಈ ನಂಬರ್ ಚಾಲ್ತಿಯಲ್ಲಿಲ್ಲ ಅಂತ ಇಂಗ್ಲಿಷ್‌ನಲ್ಲಿ ಹೇಳಿ ಕಟ್ ಆಯಿತು. ಮೇಡಂ ಹೇಳಿದ್ದು ‘ಕಾಲ್ ನನ್ನ ತನಕ ಬರ್ತಿಲ್ಲ’ ಅಂತ. ನನಗೆ ಕೇಳಿಸಿದ್ದು ‘ಬೇರೆಯವರಿಗೆ ಕೊಡೋಕೆ ಆಗ್ತಿಲ್ಲ’ ಅಂತ.

ನಮ್ಮ ಆಫೀಸಿನದು ಆಸ್ಟರಿಸ್ಕ್ ಅನ್ನುವ ಸಾಫ್ಟ್‌ವೇರ್ ಮೇಲೆ ನಡೆಯುವ ಫೋನ್ ಎಕ್ಸ್‌ಚೇಂಜ್. ಕಾಲ್ ಬಂದಾಗ, ಆ ಕಡೆಯವರು ಡಯಲ್ ಮಾಡಿದ ನಂಬರ್ ಯಾವುದು ಅನ್ನುವುದನ್ನೂ ಲೈನ್ ಕೊಟ್ಟ ಕಂಪನಿ ಜೊತೆಗೇ ಕಳಿಸುತ್ತದೆ. ಅದನ್ನು ನೋಡಿ ಯಾವ ಫೋನ್ ರಿಂಗ್ ಆಗಬೇಕು ಅಂತ ನಮ್ಮ ಮೆಷಿನ್ ತೀರ್ಮಾನಿಸುತ್ತದೆ. ‘ರೂಟ್’ ಆಗುವುದು ಅಂದರೆ ಇದೇ. ನಮ್ಮ ನಿಯಮದಲ್ಲಿದ್ದದ್ದು 0816ರಿಂದ ಶುರುವಾಗುವ 11 ಅಂಕಿ. ಲಾಗ್ (ಬಂದ ಕಾಲ್‌ಗಳ ಬಗ್ಗೆ ಮೆಷಿನ್ ಬರೆದಿಡುವ ದಾಖಲೆ) ತೆರೆದಿಟ್ಟುಕೊಂಡು ಇನ್ನೊಮ್ಮೆ ಕಾಲ್ ಮಾಡಿದರೆ, ಬರುತ್ತಿದ್ದದ್ದು 91816ರಿಂದ ಶುರುವಾಗುವ 12 ಅಂಕಿ. ಮುಂದಿನ 0 ಹೋಗಿ 91 ಬಂದಿತ್ತು, ಅಷ್ಟೇ. ನಮಗೆ ಎರಡೂ ಒಂದೇ ನಂಬರು. ಮೆಷಿನ್‌ಗೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ನಿಯಮ ತಿದ್ದಿದೆ. ನಂಬರಿನ ಜಾಗ ಖಾಲಿ ಬಿಟ್ಟ ಇನ್ನೊಂದು ನಿಯಮವನ್ನೂ ಸೇರಿಸಿದೆ. ಬೇರೆ ಯಾವುದಕ್ಕೂ ಹೊಂದದ ಕಾಲ್ ಈಗ ಅದರಲ್ಲಿ ಸಿಕ್ಕಿ ರಿಸೆಪ್ಷನ್‌ಗೇ ಬರುತ್ತದೆ.

ಇನ್ನು ಪದಗಳಿಗೆ ಬರೋಣ. ‘ಟ್ರಾನ್ಸ್‌ಫರ್’ಗೆ ಜನರ ಬಾಯಲ್ಲೇ ಒಳ್ಳೆಯ ಮಾತಿದೆ: "ಅಕೌಂಟ್ಸ್‌ಗೆ ಲೈನ್ ಕೊಡಿ." ಫೋನ್ ಎತ್ತಿದವರು ಮಾತಾಡಿ ಇನ್ನೊಬ್ಬರಿಗೆ ದಾಟಿಸುವುದು. ಹೊಸ ಪದವೇ ಬೇಡ. ‘ಫಾರ್ವರ್ಡ್’ಗೆ ‘ತಿರುಗಿಸು’ ಸಾಕು ಅನ್ನಿಸುತ್ತದೆ. ಒಬ್ಬರು ಎತ್ತದಿದ್ದರೆ ಕಾಲ್ ಇನ್ನೊಬ್ಬರ ಕಡೆ ತಿರುಗುತ್ತದೆ. ‘ವರ್ಗಾವಣೆ’ ಇಲ್ಲಿ ನನಗೆ ಒಗ್ಗುವುದಿಲ್ಲ. ಅದು ಮೇಷ್ಟ್ರಿಗೆ ಆಗುವುದು, ಖಾತೆಯಿಂದ ಖಾತೆಗೆ ದುಡ್ಡು ಹೋಗುವುದು.

ಉಳಿದದ್ದು ‘ರೂಟ್’. ‘ಮಾರ್ಗ ನಿರ್ದೇಶನ’ ಅಂತ ಬರೆದರೆ ಮೇಡಂ ಓದುವುದಿಲ್ಲ. ನನಗೆ ನೆನಪಾದದ್ದು ಕೆರೆ ಬಯಲಿನ ನೀರುಗಂಟಿ. ತೂಬು ಎತ್ತಿದ ಮೇಲೆ ನೀರು ತನ್ನಷ್ಟಕ್ಕೆ ಸರಿಯಾದ ಗದ್ದೆಗೆ ಹೋಗುವುದಿಲ್ಲ. ಯಾರ ಸರದಿಯೋ ಅವರ ಕಾಲುವೆಯ ಬಾಯನ್ನು ಗುದ್ದಲಿಯಿಂದ ಬಿಡಿಸಬೇಕು, ಉಳಿದವರದ್ದಕ್ಕೆ ಮಣ್ಣು ಎಳೆದು ಕಟ್ಟಬೇಕು. ಇದಕ್ಕೆ ನಾವು ನೀರು ಹಾಯಿಸುವುದು ಅನ್ನುತ್ತೇವೆ. ಬಂದ ಕಾಲ್‌ಗೆ ಮೆಷಿನ್ ಮಾಡುವುದೂ ಇದನ್ನೇ ಅಲ್ವಾ? ಹಾಗಾದರೆ ‘ಕರೆ ಹಾಯಿಸು’, ‘ಹಾಯಿಸುವ ನಿಯಮ’ ಅನ್ನಬಹುದು. ದೂರು ಹೇಳುವಾಗ "ಹೊರಗಿನ ಕಾಲ್ ಹಾಯ್ತಿಲ್ಲ" ಅಂದರೆ ನಾನು ಟ್ರಾನ್ಸ್‌ಫರ್ ಬಟನ್ ಮುಟ್ಟುವುದೇ ಇಲ್ಲ, ನೇರ ಲಾಗ್‌ಗೆ ಹೋಗುತ್ತೇನೆ.

ಒಂದು ಅಡ್ಡಿ ಇದೆ. ‘ಹಾಯು’ ಅಂದರೆ ಕೊಂಬಿನಿಂದ ಇರಿಯಲು ನುಗ್ಗುವುದೂ ಹೌದು. "ಆ ಹಸು ಹಾಯುತ್ತೆ, ಹತ್ರ ಹೋಗ್ಬೇಡ" ಅಂತ ಚಿಕ್ಕಂದಿನಲ್ಲಿ ಎಷ್ಟು ಸಲ ಕೇಳಿಲ್ಲ! ಆದರೆ ‘ಹಾಯಿಸು’ ಅಂದ ಕೂಡಲೇ ನನ್ನ ಕಿವಿಗೆ ನೀರೇ ಜಾಸ್ತಿ. ‘ಹಾದುಹೋಗು’ ಕೂಡ ಇದೇ ‘ಹಾಯು’ವಿನಿಂದ ಬಂದದ್ದು, ಅಲ್ಲಿ ಯಾರಿಗೂ ಕೊಂಬು ನೆನಪಾಗುವುದಿಲ್ಲ.

ನಿಮ್ಮ ಕಡೆ ಹೇಗೆ? ಮಂಡ್ಯ, ರಾಯಚೂರಿನ ನಾಲೆ ಬಯಲಿನವರು ‘ಹಾಯಿಸು’ ಅನ್ನುತ್ತೀರಾ, ‘ಬಿಡು’, ‘ಉಣಿಸು’ ಅನ್ನುತ್ತೀರಾ? ಇನ್ನೊಂದು ಕೇಳಿಕೆ. ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದ ಕಾಲದಲ್ಲಿ ಎಕ್ಸ್‌ಚೇಂಜ್‌ನಲ್ಲಿ ಕೆಲಸ ಮಾಡಿದವರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕೇಳಿ ನೋಡಿ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಲ್ಲಿ ದುಡಿದವರನ್ನೂ ಕೇಳಿ. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಅಂತಲೇ ಹೆಸರು. ಎಕ್ಸ್‌ಚೇಂಜ್‌ಗಳನ್ನು ಕೈಯಾರೆ ಕಟ್ಟಿದ ಅವರು ತಮ್ಮತಮ್ಮಲ್ಲಿ ಮಾತಾಡುವಾಗ ಕಾಲ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದಕ್ಕೆ ಏನನ್ನುತ್ತಿದ್ದರು? ಆ ಪದ ಸಿಕ್ಕರೆ ‘ಹಾಯಿಸು’ ಬಿಟ್ಟು ಅದನ್ನೇ ಬರೆಯುತ್ತೇನೆ. ಹಾಳೆ ಸೋಮವಾರ ಪ್ರಿಂಟ್‌ಗೆ ಹೋಗುತ್ತದೆ.