ಹಳೇ ಗ್ಲಾಸಿನ ಮೇಲಿನ ಹೂಬಳ್ಳಿ: ಆಸಿಡ್ಡಾ, ಕೆತ್ತಿದ್ದಾ, ಅಚ್ಚಾ?

ಪ್ರಶ್ನೆ: ನಾವಿರುವುದು ಒಹಾಯೊದಲ್ಲಿ. ಹತ್ತಿರದ ಹಳೇ ಮನೆಯೊಂದರ ಸಾಮಾನು ಮಾರುತ್ತಿದ್ದಾಗ ಉದ್ದ ಕಾಲಿನ ಆರು ಗ್ಲಾಸು ತಂದೆ. ಮೈಮೇಲೆ ಬಿಳಿ ಮಬ್ಬಿನ ಹೂಬಳ್ಳಿ. ಮಾರಿದವರು ಎಚ್ಚಿಂಗ್, ಅಂದರೆ ಆಸಿಡ್‌ನಿಂದ ಗಾಜು ತಿನ್ನಿಸಿ ಮೂಡಿಸಿದ ಚಿತ್ರ, ಅಂದರು. ನಿಜವಾ? ಗುರುತಿಸುವುದು ಹೇಗೆ? ಅನುಭವ ಇದ್ದವರು ಹೇಳಿ.

ಉತ್ತರ: ಮೇಡಂ, ಮೊದಲು ಕಣ್ಣು ಮುಚ್ಚಿಕೊಂಡು ಬಳ್ಳಿಯ ಮೇಲೆ ಉಗುರು ಆಡಿಸಿ. ಗೆರೆ ಒಳಗೆ ಇಳಿದಿದೆಯಾ, ಉಬ್ಬಿದೆಯಾ? ಉಬ್ಬಿದ್ದರೆ ಆಸಿಡ್ ಮುಟ್ಟಿದ್ದು ಗ್ಲಾಸನ್ನಲ್ಲ, ಅಚ್ಚನ್ನು. ಅಚ್ಚಿನಲ್ಲಿ ಗೆರೆ ಇಳಿಸಿ, ಕಾದ ಗಾಜನ್ನು ಅದಕ್ಕೆ ಒತ್ತಿದರೆ ಗೆರೆ ಎದ್ದು ಬರುತ್ತದೆ. 1930ರ ದಶಕದಲ್ಲಿ ಹಾಕಿಂಗ್ ಕಂಪನಿಯ ‘ಕ್ಯಾಮಿಯೊ’, ‘ಮೇಫೇರ್’ ತಟ್ಟೆ ಲೋಟಗಳು ಬಂದಿದ್ದು ಹೀಗೆ. ಆಗ ಅವು ಅಗ್ಗದ ಮಾಲು. ನಾನು ಅಂಥ ಒಂದು ತಟ್ಟೆಯನ್ನು ಕೈಕೆಲಸ ಅಂತ ನಂಬಿ 40 ಡಾಲರ್ ಕೊಟ್ಟೆ. ಮನೆಗೆ ತಂದು ತೊಳೆಯುವಾಗ ಬೆರಳೇ ಹೇಳಿತು, ಮೋಸ ಹೋದೆ ಅಂತ!

ಗೆರೆ ಇಳಿದಿದ್ದರೆ ಗ್ಲಾಸಿನೊಳಗೆ ಕಪ್ಪು ಬಟ್ಟೆ ತುರುಕಿ, ಪಕ್ಕದಿಂದ ಟಾರ್ಚ್ ಬಿಟ್ಟು, ಭೂತಗನ್ನಡಿಯಲ್ಲಿ ನೋಡಿ. ಜರಿ ಅಂಚಿನ ಹಾಗೆ ಒತ್ತೊತ್ತಾದ ಸಣ್ಣ ಚುಕ್ಕೆ, ಗೆರೆ, ಎಲೆಗೆ ನೆರಳು ಎಲ್ಲ ಕಂಡರೆ ಅದು ಪ್ಲೇಟ್ ಎಚ್ಚಿಂಗ್. ಲೋಹದ ತಗಡಿನಲ್ಲಿರುವ ಚಿತ್ರವನ್ನು ಮೇಣದಿಂದ ತೆಳು ಕಾಗದಕ್ಕೆ ಇಳಿಸಿ, ಅದನ್ನು ಗ್ಲಾಸಿಗೆ ಅಂಟಿಸಿ, ಮೇಣ ಉಳಿಯುವ ಹಾಗೆ ಕಾಗದ ತೆಗೆಯುತ್ತಿದ್ದರು. ಚಿತ್ರ ಬೇಡದ ಕಡೆಗೂ ಮೇಣ ಬಳಿದು ಹೈಡ್ರೋಫ್ಲೋರಿಕ್ ಆಸಿಡ್‌ನಲ್ಲಿ ಅದ್ದುತ್ತಿದ್ದರು. ಮೇಣ ಇಲ್ಲದ ಜಾಗವನ್ನಷ್ಟೇ ಆಸಿಡ್ ತಿನ್ನುತ್ತದೆ. ಕಾಗದದ ಎರಡು ತುದಿ ಕೂಡುವ ಕಡೆ ಬಳ್ಳಿ ಸ್ವಲ್ಪ ತಪ್ಪಿರುವುದೂ ಉಂಟು. ನಾನು ಮೊದಲು ಹುಡುಕುವುದು ಆ ತಪ್ಪನ್ನೇ. ನಿಮ್ಮ ಒಹಾಯೊದಲ್ಲೇ ಕೇಂಬ್ರಿಡ್ಜ್ ಊರಿನ ‘ರೋಸ್ ಪಾಯಿಂಟ್’, ನ್ಯೂಆರ್ಕಿನ ಹೈಸಿ ಕಂಪನಿಯ ‘ಆರ್ಕಿಡ್’ ಎಂಬ ಪ್ಲೇಟ್ ಎಚ್ಚಿಂಗ್ ಮಾದರಿಗಳು ತಯಾರಾಗುತ್ತಿದ್ದವು. ಪಕ್ಕದ ವೆಸ್ಟ್ ವರ್ಜೀನಿಯಾದ ಫೊಸ್ಟೋರಿಯಾ ಕಂಪನಿ ‘ಜೂನ್’ ಮಾದರಿಯನ್ನು 1928ರಲ್ಲಿ ತಂದಿತು. ಚಿತ್ರಗಳನ್ನು ಹೋಲಿಸಿ ನೋಡಿ.

ಇನ್ನೊಬ್ಬರು: ಜಿಲೇಬಿ ಬಿಟ್ಟ ಹಾಗೆ ಒಂದೇ ದಪ್ಪದ ಸುಳಿಗೆರೆ ಗ್ಲಾಸಿನ ಸುತ್ತ ಓಡಿದ್ದರೆ ಅದು ಸೂಜಿ ಎಚ್ಚಿಂಗ್. ಮೇಣ ಬಳಿದ ಗ್ಲಾಸಿನ ಮೇಲೆ ಯಂತ್ರದ ಸೂಜಿ ಗೀರಿ, ಆಮೇಲೆ ಆಸಿಡ್. ಹೂವು ಗಿಡ ಅದರಲ್ಲಿ ಅಪರೂಪ. ಚಕ್ರಕ್ಕೆ ಹಿಡಿದು ಕೆತ್ತಿದ್ದು ಬೇರೆ. ಎಸಳು ನಡುವೆ ಆಳ, ತುದಿಯಲ್ಲಿ ತೇಲಿ ಹೋಗಿರುತ್ತದೆ. ಎರಡು ಎಲೆ ಒಂದೇ ಥರ ಇರುವುದಿಲ್ಲ. ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಸಿದಾಗ ಒಂದು ಚೊಂಬಿನ ಅಕ್ಷರ ಇನ್ನೊಂದರ ಥರ ಇರುವುದಿಲ್ಲ ಅಲ್ವಾ, ಹಾಗೆ.

ಮತ್ತೊಬ್ಬರು: ನೆರಳೇ ಇಲ್ಲದೆ ಎಲ್ಲ ಕಡೆ ಒಂದೇ ಮಬ್ಬು, ಅಂಚು ಕತ್ತರಿಸಿದ ಹಾಗಿದ್ದರೆ ಅನುಮಾನ ಪಡಿ. ಕೊರೆಯಚ್ಚು (ಸ್ಟೆನ್ಸಿಲ್) ಇಟ್ಟು ಮರಳು ಚಿಮ್ಮಿಸಿರಬಹುದು. ಅದೂ ಹಳೇ ವಿದ್ಯೆಯೇ, 1870ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಆಗಿದೆ. ಇಲ್ಲವೇ ಗಾಜಿಗೆ ಹಚ್ಚಿ ಮಬ್ಬು ಬರಿಸುವ ಈಗಿನ ಎಚ್ಚಿಂಗ್ ಕ್ರೀಮ್. ನನ್ನ ಮಗಳು ಅರ್ಧ ಗಂಟೆಯಲ್ಲಿ ಮಾಡುತ್ತಾಳೆ. ಏನೇ ಇರಲಿ, ಡಿಶ್‌ವಾಷರಿಗೆ ಮಾತ್ರ ಹಾಕಬೇಡಿ. ಗಾಜೇ ಮಬ್ಬಾಗಿ ಬಳ್ಳಿ ಕಾಣದ ಹಾಗೆ ಆಗುತ್ತದೆ.

ಕೇಳಿದವರು: ಉಗುರಿಗೆ ಇಳಿದ ಗೆರೆಯೇ ಸಿಕ್ಕಿತು. ಚುಕ್ಕೆ, ನೆರಳು ಇದೆ. ಐದರಲ್ಲಿ ಬಳ್ಳಿ ತಪ್ಪಿದ ಜಾಗವೂ ಕಂಡಿತು. ಆರನೆಯದನ್ನು ನಮ್ಮ ಮನೆಯವರು ಡಿಶ್‌ವಾಷರಿಗೆ ಇಡುತ್ತಿದ್ದರು, ಕಿತ್ತುಕೊಂಡೆ.