ನರಿ ತುಪ್ಪಳದ ರೆಕ್ಕೆ ನೀರಿನಲ್ಲಿ ಬತ್ತಿಯಂತೆ ಅಂಟಿಕೊಳ್ಳುತ್ತಿದೆ

ಪ್ರಶ್ನೆ

ನಾರ್ವೆಯ ಟ್ರಾಂಡ್‌ಹೈಮ್ ಸಮೀಪದ ಗೌಲಾ ನದಿಯಲ್ಲಿ ಬರುವ ಜೂನ್ ತಿಂಗಳಲ್ಲಿ ಸಾಲ್ಮನ್ ಮೀನು ಹಿಡಿಯುವ ಆಸೆಯಿಂದ ಈ ಚಳಿಗಾಲದಲ್ಲಿ ನಾನೇ ಫ್ಲೈ (ಮೀನನ್ನು ಸೆಳೆಯಲು ಕೂದಲು, ನೂಲುಗಳಿಂದ ಕಟ್ಟುವ ಕೃತಕ ಎರೆ) ಕಟ್ಟಲು ಕುಳಿತಿದ್ದೇನೆ. 3 ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ ಟ್ಯೂಬಿನ ಮೇಲೆ ಹಿಮನರಿಯ ತುಪ್ಪಳದ ರೆಕ್ಕೆ, ಅಂದರೆ ಹಿಂದಕ್ಕೆ ಚಾಚುವ ಕೂದಲಿನ ಗುಚ್ಛ, ಕಟ್ಟುತ್ತಿದ್ದೇನೆ. ಮೊದಲ ಕೆಲವು ಫ್ಲೈಗಳ ತಲೆ (ನೂಲು ಸುತ್ತಿದ ಮುಂತುದಿ) ಬಟಾಣಿ ಕಾಳಿನಷ್ಟು ದಪ್ಪವಾಯಿತು. ಆದ್ದರಿಂದ ಬುಡದಲ್ಲಿರುವ ಒಳತುಪ್ಪಳವನ್ನೆಲ್ಲ ಬಾಚಿ ತೆಗೆದೆ. ಈಗ ತಲೆ ಸಣ್ಣದಾಗಿದೆ, ಆದರೆ ರೆಕ್ಕೆ ನೀರಿಗಿಳಿದೊಡನೆ ಒದ್ದೆ ಬತ್ತಿಯಂತೆ ಟ್ಯೂಬಿಗೆ ಅಂಟಿಕೊಳ್ಳುತ್ತದೆ. ಸ್ವಲ್ಪ ಎಳೆದರೆ ಕೂದಲು ಕಿತ್ತು ಬರುತ್ತದೆ. ತಪ್ಪು ಎಲ್ಲಿದೆ?

ಉತ್ತರ

ಮೊದಲು ಒಂದು ಸಂಗತಿಯನ್ನು ಖಚಿತಪಡಿಸಿಕೊಳ್ಳಿ: ರೆಕ್ಕೆ ಅಂಟಿಕೊಂಡದ್ದನ್ನು ನೋಡಿದ್ದು ನೀರಿನೊಳಗೋ, ಮೇಲೆತ್ತಿದ ಮೇಲೋ? ನೀರಿನಿಂದ ಹೊರತೆಗೆದ ನರಿ ತುಪ್ಪಳ ಎಷ್ಟು ಚೆನ್ನಾಗಿ ಕಟ್ಟಿದ್ದರೂ ಬತ್ತಿಯಂತೆಯೇ ಕಾಣುತ್ತದೆ. ಸ್ನಾನದ ತೊಟ್ಟಿಯಲ್ಲಿ ನೀರು ತುಂಬಿ, ಫ್ಲೈಯನ್ನು ದಾರಕ್ಕೆ ಕಟ್ಟಿ ನಿಧಾನವಾಗಿ ಎಳೆಯುತ್ತ ಮೇಲಿನಿಂದಲೂ ಪಕ್ಕದಿಂದಲೂ ನೋಡಿ.

ಪ್ರಶ್ನೆ ಕೇಳಿದವರು

ಹಾಗೆಯೇ ನೋಡಿದೆ. ನೀರಿನೊಳಗೂ ತೆಳ್ಳಗೇ ಇದೆ.

ಉತ್ತರ

ಹಾಗಾದರೆ ಕಾರಣ ಬಾಚಣಿಗೆಯೇ. ನರಿಯ ಚರ್ಮದ ಮೇಲೆ ಉದ್ದನೆಯ ಹೊರಗೂದಲು ಮತ್ತು ಅದರ ಬುಡದಲ್ಲಿ ಒತ್ತೊತ್ತಾದ ಒಳತುಪ್ಪಳ ಎಂಬ ಎರಡು ಪದರಗಳಿರುತ್ತವೆ. ತಲೆಯನ್ನು ದಪ್ಪಗಾಗಿಸುವುದು ಈ ಒಳತುಪ್ಪಳ ನಿಜ, ಆದರೆ ಹೊರಗೂದಲುಗಳು ಒಂದಕ್ಕೊಂದು ಅಂಟದಂತೆ ನಡುವೆ ನಿಂತು ರೆಕ್ಕೆಗೆ ಮೈ ಕೊಡುವುದೂ ಅದೇ. ಪೂರ್ತಿ ತೆಗೆಯಬೇಡಿ. ಗುಚ್ಛವನ್ನು ತುದಿಯ ಕಡೆಯಿಂದ ಹಿಡಿದು ಬುಡವನ್ನು ಎರಡು ಮೂರು ಬಾರಿ ಮಾತ್ರ ಬಾಚಿ, ಸುಮಾರು ಮೂರನೆಯ ಒಂದು ಭಾಗವನ್ನಾದರೂ ಉಳಿಸಿಕೊಳ್ಳಿ. ತಲೆಯ ದಪ್ಪವನ್ನು ಬೇರೆ ರೀತಿಯಲ್ಲಿ ಇಳಿಸಬಹುದು: ಒಂದೇ ದೊಡ್ಡ ಗುಚ್ಛದ ಬದಲು, ಒತ್ತಿ ಹಿಡಿದಾಗ ಬೆಂಕಿಕಡ್ಡಿಗಿಂತ ದಪ್ಪವಾಗದ ಎರಡು ಮೂರು ಚಿಕ್ಕ ಗುಚ್ಛಗಳನ್ನು ಒಂದರ ಮೇಲೊಂದು, ಪ್ರತಿಯೊಂದೂ ಕೆಳಗಿನದಕ್ಕಿಂತ ತುಸು ಉದ್ದವಾಗಿರುವಂತೆ ಕಟ್ಟಿ, ಬುಡಗಳನ್ನು ಓರೆಯಾಗಿ ಕತ್ತರಿಸಿ.

ಸ್ವೀಡನ್ನಿನ ಫ್ಲೈ ಕಟ್ಟುಗಾರ ಹಾಕನ್ ನಾರ್ಲಿಂಗ್ ಅವರಿಂದ ಹೆಸರಾದ ಟೆಂಪಲ್ ಡಾಗ್ ಬಗೆಯ ಫ್ಲೈಗಳನ್ನು ನೋಡಿದರೆ, ಮೆತ್ತನೆಯ ಕೂದಲಿಗೆ ಕೆಳಗಿನಿಂದ ಆಸರೆ ಎಷ್ಟು ಮುಖ್ಯವೆಂದು ತಿಳಿಯುತ್ತದೆ. ನೀವೂ ಮೊದಲ ಗುಚ್ಛಕ್ಕೆ ಮೇಕೆಯ ಕೂದಲನ್ನೋ ಜಿಂಕೆಯ ಬಾಲದ ಕೂದಲನ್ನೋ ಬಳಸಿ, ತುದಿಗಳು ಟ್ಯೂಬಿನ ಮುಂದಕ್ಕೆ ಚಾಚುವಂತೆ ಕಟ್ಟಿ, ಅನಂತರ ಹಿಂದಕ್ಕೆ ಮಡಚಿ ಬುಡದ ಮೇಲೆ ನೂಲು ಸುತ್ತಿ. ಹೀಗೆ ಮಡಚಿದ ಕೂದಲು ಮೇಲೆದ್ದು ನಿಂತು ನರಿ ತುಪ್ಪಳವನ್ನು ಎತ್ತಿ ಹಿಡಿಯುತ್ತದೆ. ನನಗೆ ಇಡೀ ಕಟ್ಟುವಿಕೆಯಲ್ಲಿ ಅತ್ಯಂತ ಪ್ರಿಯವಾದ ಹಂತ ಇದು. ಕೂದಲು ಕಿತ್ತು ಬರುವುದಕ್ಕೆ ಮದ್ದು ಸರಳ: ಮೇಣ ಸವರಿದ ನೂಲು, ಮೊದಲೆರಡು ಸುತ್ತು ಸಡಿಲ, ಮೂರನೆಯದು ಬಿಗಿ, ಮುಂದಿನ ಗುಚ್ಛವನ್ನಿಡುವ ಮುನ್ನ ಬುಡಕ್ಕೆ ಒಂದು ಹನಿ ತೆಳು ವಾರ್ನಿಷ್.

ಇನ್ನೊಬ್ಬರ ಉತ್ತರ

ಚರ್ಮದಲ್ಲಿ ಜಿಡ್ಡು ಉಳಿದಿದ್ದರೂ ಕೂದಲು ಮುದ್ದೆಗಟ್ಟುತ್ತದೆ. ತುಂಡನ್ನು ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ನೋಡಿ.

ಪ್ರಶ್ನೆ ಕೇಳಿದವರು

ತುಪ್ಪಳವನ್ನು ತೊಳೆದು ಒಣಗಿಸಿ, ಕೆಳಗೆ ಮೇಕೆಯ ಕೂದಲನ್ನು ಮಡಚಿ ಕಟ್ಟಿ, ಮೇಲೆ ಎರಡು ಗುಚ್ಛ ಇಟ್ಟೆ. ತೊಟ್ಟಿಯಲ್ಲಿ ಎಳೆದಾಗ ರೆಕ್ಕೆ ಬಿಚ್ಚಿಕೊಂಡು ಅಲೆಯಿತು. ನಿಲ್ಲಿಸಿದಾಗಲೂ ತುದಿಗಳು ಆಡುತ್ತಲೇ ಇದ್ದವು. ತಲೆ ಇನ್ನೂ ತುಸು ದಪ್ಪವಿದೆ. ಮುಂದಿನದಕ್ಕೆ ಇನ್ನಷ್ಟು ತೆಳ್ಳನೆಯ ನೂಲು ಬಳಸುತ್ತೇನೆ.