‘ದಿ ಗನ್‌ಫೈಟರ್ಸ್’ ನೋಡಿ ಬೇಜಾರಾದವರು ಇದ್ದೀರಾ?

ಪ್ರಶ್ನೆ:
ಕಾಲಯಾನ ಮಾಡುವ ‘ಡಾಕ್ಟರ್’ ಎಂಬ ನಾಯಕನ ಬ್ರಿಟಿಷ್ ಟಿವಿ ಸರಣಿ ‘ಡಾಕ್ಟರ್ ಹೂ’ನ ಹಳೆಯ ಐತಿಹಾಸಿಕ ಕಥೆಗಳೆಂದರೆ ನನಗೆ ಪ್ರಾಣ. ಅದೇ ಆಸೆಯಿಂದ 1966ರ ಈ ಕಥೆಯ ನಾಲ್ಕೂ ಕಂತು ಒಂದೇ ಕೂತಲ್ಲಿ ನೋಡಿದೆ. 1881ರ ಅಕ್ಟೋಬರ್ 26ರಂದು ಅಮೆರಿಕದ ಟೂಂಬ್‌ಸ್ಟೋನ್ ಊರಲ್ಲಿ ನಡೆದ, ಈ ಕಥೆಗೆ ಆಧಾರವಾದ ನಿಜವಾದ ಗುಂಡಿನ ಕಾಳಗದಲ್ಲಿ ಸತ್ತವರು ಬಿಲ್ಲಿ ಕ್ಲಾಂಟನ್ ಮತ್ತು ಮೆಕ್‌ಲೌರಿ ಅಣ್ಣತಮ್ಮಂದಿರು. ಇಲ್ಲಿ ಮೆಕ್‌ಲೌರಿಗಳ ಸುಳಿವೇ ಇಲ್ಲ! ನಿಜದ ಕಾಳಗದಲ್ಲಿ ಇಲ್ಲದೇ ಇದ್ದ ಬಂದೂಕುಗಾರ ಜಾನಿ ರಿಂಗೊ ಇಲ್ಲಿ ಗುಂಡೇಟು ತಿಂದು ಬೀಳುತ್ತಾನೆ. ಇದೇ ಸರಣಿಯ ಹಿಂದಿನ ಕಥೆ ‘ದಿ ಆಜ್ಟೆಕ್ಸ್’ನಲ್ಲಿ ಡಾಕ್ಟರ್‌ನ ಸಹಪಯಣಿಗಳು ಬಾರ್ಬರಾ ನರಬಲಿ ತಡೆಯಲು ಹೊರಟಾಗ, ಇತಿಹಾಸದ ಒಂದು ಸಾಲನ್ನೂ ತಿದ್ದುವಂತಿಲ್ಲ ಅಂತ ಗದರಿದ್ದು ಇದೇ ಡಾಕ್ಟರ್ ಅಲ್ವಾ?

ಉತ್ತರ 1:
ನನ್ನ ತಾಳ್ಮೆ ಕೆಡಿಸಿದ್ದು ಆ ಹಾಡು. ದೃಶ್ಯ ಬದಲಾದಾಗಲೆಲ್ಲ ಲಿಂಡಾ ಬ್ಯಾರನ್ ದನಿಯಲ್ಲಿ ಮತ್ತೆ ಅದೇ ರಾಗ.

ಉತ್ತರ 2:
ಹಾಡು ಬಿಡಿ, ಹಲ್ಲುನೋವಿನ ದೃಶ್ಯ ಇನ್ನೊಮ್ಮೆ ನೋಡಿ. ಕಥೆಯಲ್ಲಿ ಡಾಕ್ಟರ್‌ನ ಹಲ್ಲು ಕೀಳುವ ಬಂದೂಕುಗಾರ ಡಾಕ್ ಹಾಲಿಡೇ ನಿಜಕ್ಕೂ ದಂತವೈದ್ಯನೇ ಆಗಿದ್ದ. ಅವನ ಕುರ್ಚಿಯಲ್ಲಿ ಕೂತ, ಡಾಕ್ಟರ್ ಪಾತ್ರದ ನಟ ಹಾರ್ಟ್‌ನೆಲ್ ಮುಖ ಎಷ್ಟು ಚೆನ್ನಾಗಿದೆ!

ಪ್ರಶ್ನೆ ಕೇಳಿದವರು:
ಅದು ಒಪ್ಪಿದೆ, ಆ ಕುರ್ಚಿಯ ದೃಶ್ಯ ನನಗೂ ಇಷ್ಟ. ಆದರೆ ನಿಜವಾದ ಕಾಳಗ ಮುಗಿದದ್ದು ಸುಮಾರು ಅರ್ಧ ನಿಮಿಷದಲ್ಲಿ. ಅಷ್ಟನ್ನಾದರೂ ಇದ್ದ ಹಾಗೇ ತೋರಿಸಬಹುದಿತ್ತು.